ಹೆಬ್ಬೆಗೆ ಪ್ರಾಸ ಇಬ್ಬನಿ: ನಮ್ಮೂರಿನ ಮಾತಲ್ಲೇ ಒಂದು ಪ್ರೇಮ ಕವಿತೆ ಬರೆಯೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೇಳ್ತಿರೋರಿಗೂ, ಕೇಳೋಕೆ ಆಗದೆ ಇಲ್ಲಿ ಓದ್ತಿರೋರಿಗೂ ಸ್ವಾಗತ.

ಇವತ್ತಿನ ವಿಷಯ ಪ್ರೇಮ ಕವಿತೆ. ಅದೂ ಪ್ರಾಸ ಇರೋ, ಪ್ರಕೃತಿ ಇರೋ, ಹಳೇ ಶೈಲಿಯ ಕವಿತೆ. 'ಅದೆಲ್ಲ ಯಾರು ಬರೀತಾರೆ, ಸ್ಟೇಟಸ್‌ಗೆ ರೆಡಿಮೇಡ್ ಸಾಲು ಸಿಗುತ್ತಲ್ಲ' ಅಂತೀರಾ? ಸಿಗುತ್ತೆ. ತೊಂದರೆ ಒಂದೇ: ಚಂದ್ರನಂಥ ಮುಖ, ಗುಲಾಬಿಯಂಥ ತುಟಿ ಅನ್ನೋ ಸಾಲು ಯಾರಿಗೆ ಬೇಕಾದ್ರೂ ಹೊಂದುತ್ತೆ. ಯಾರಿಗೆ ಬೇಕಾದ್ರೂ ಹೊಂದೋ ಸಾಲನ್ನ ಓದಿದವರಿಗೆ, ಇದು ನನಗೇ ಬರೆದದ್ದು ಅಂತ ಅನ್ನಿಸೋದಿಲ್ಲ.

ಹಾಗಾದ್ರೆ ಅವರಿಗೇ ಅಂತ ಬರೆಯೋದು ಹೇಗೆ? ಒಂದು ಜಾಗ ಹಿಡಿದು ಹೊರಡೋಣ. ತರೀಕೆರೆ ತಾಲ್ಲೂಕಿನ ಹೆಬ್ಬೆ ಜಲಪಾತ. ಕೆಮ್ಮಣ್ಣುಗುಂಡಿ ಕಡೆಯಿಂದ ಕಾಫಿ ತೋಟಗಳನ್ನ ದಾಟಿ ಹೋಗಬೇಕು. ಸುಮಾರು 168 ಮೀಟರ್ ಎತ್ತರದಿಂದ ನೀರು ಎರಡು ಹಂತದಲ್ಲಿ ಬೀಳುತ್ತೆ: ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ.

ಕನ್ನಡದ ಪ್ರಾಸ ಸಾಲಿನ ಶುರುವಲ್ಲೇ ಇದೆ

ಪ್ರಾಸ ಅಂದ ಕೂಡಲೇ ನಮಗೆ ಸಾಲಿನ ಕೊನೆ ನೆನಪಾಗುತ್ತೆ. ಹಾಡು–ಕಾಡು, ನಿಂತೆ–ಬಂತೆ, ಹೀಗೆ. ಅದು ಅಂತ್ಯಪ್ರಾಸ. ಆದರೆ ಕನ್ನಡದ ಹಳೇ ಪ್ರಾಸ ಇರೋದು ಸಾಲಿನ ಎರಡನೇ ಅಕ್ಷರದಲ್ಲಿ. ಇದಕ್ಕೆ ಆದಿಪ್ರಾಸ ಅಂತಾರೆ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಸ್ವರ ಬೇರೆ ಆದರೂ ಪರವಾಗಿಲ್ಲ.

ಇದರಲ್ಲಿ ಆರು ಬಗೆ ಇವೆ, ಅವಕ್ಕೆ ಪ್ರಾಣಿಗಳ ಹೆಸರು. 'ಮನ–ಬನ' ಥರ ಮೊದಲ ಅಕ್ಷರ ಹ್ರಸ್ವ ಆದರೆ ಸಿಂಹ. 'ಕಾಡು–ಹಾಡು' ಥರ ದೀರ್ಘ ಆದರೆ ಗಜ. 'ಬಂಡೆ–ಕಂಡೆ' ಥರ ಸೊನ್ನೆ ಬಂದರೆ ವೃಷಭ. ಅದೇ ಅಕ್ಷರಕ್ಕೆ ಅದೇ ಒತ್ತು ಬಂದರೆ ಹಯ, ಅಂದ್ರೆ ಕುದುರೆ. ಶರಭ, ಅಜ ಅಂತ ಇನ್ನೆರಡು ಇವೆ.

ಈಗ ಹೆಬ್ಬೆ ಅನ್ನೋ ಹೆಸರನ್ನ ಒಮ್ಮೆ ಜೋರಾಗಿ ಹೇಳಿ. ಬಕಾರಕ್ಕೆ ಬಕಾರದ ಒತ್ತು. ಹಯ ಪ್ರಾಸ! ಇದರ ಜೊತೆ ಯಾವ್ಯಾವ ಪದ ಕೂರುತ್ತೆ? ಇಬ್ಬನಿ, ಮಬ್ಬು, ಹಬ್ಬ, ತಬ್ಬು, ದಿಬ್ಬ, ಒಬ್ಬ, ಇಬ್ಬರು. ಅರ್ಧ ಪ್ರೇಮಕಥೆ ಈ ಪಟ್ಟಿಯಲ್ಲೇ ಇದೆ ನೋಡಿ.

ಇನ್ನೊಂದು ಚೆಂದದ ವಿಷಯ. ಕನ್ನಡ ಛಂದಸ್ಸಿನ ತುಂಬ ಹಳೇ ಪುಸ್ತಕ 'ಛಂದೋಂಬುಧಿ', 10ನೇ ಶತಮಾನದ್ದು. ಬರೆದವನು ನಾಗವರ್ಮ. ಅವನು ಅದನ್ನ ಹೇಳೋದು ತನ್ನ ಹೆಂಡತಿಯನ್ನ ಕರೆದು, ಅವಳಿಗೆ ವಿವರಿಸೋ ರೀತಿಯಲ್ಲಿ. ಅಂದ್ರೆ ನಮ್ಮಲ್ಲಿ ಪ್ರಾಸದ ಪಾಠವೇ ಪ್ರೀತಿಯ ಮಾತಾಗಿ ಬಂದಿದೆ.

ಪಕ್ಕದ ಊರಿನ ಕವಿ

ಹೆಬ್ಬೆಯ ಬೆಟ್ಟ ಇಳಿದು ಬಯಲಿಗೆ ಬಂದರೆ ಕಡೂರು ತಾಲ್ಲೂಕು. ಅಲ್ಲಿನ ದೇವನೂರು, 'ಜೈಮಿನಿ ಭಾರತ' ಬರೆದ ಲಕ್ಷ್ಮೀಶನ ಊರು. ಅವನು ಆರಿಸಿಕೊಂಡದ್ದು ವಾರ್ಧಕ ಷಟ್ಪದಿ. ಆರು ಸಾಲಿನ ಪದ್ಯ, ಆರಕ್ಕೂ ಎರಡನೇ ಅಕ್ಷರದ ಪ್ರಾಸ. ಹೋಲಿಕೆ ಕಟ್ಟೋದರಲ್ಲಿ ಅವನಿಗಿದ್ದ ಮೋಹಕ್ಕೆ ಜನ ಇಟ್ಟ ಹೆಸರು 'ಉಪಮಾಲೋಲ'. ಪ್ರಾಸ ಓದು ಬಂದವರ ಸೊತ್ತೇನೂ ಅಲ್ಲ. ರಾಗಿ ಬೀಸೋ ಕಲ್ಲಿನ ಮುಂದೆ ಹೆಂಗಸರು ಹಾಡಿದ ತ್ರಿಪದಿಗಳಲ್ಲೂ ಇದೇ ಪ್ರಾಸ ಇದೆ. ಬರೆದಿಡದ ಪದ್ಯ ನೆನಪಲ್ಲಿ ಉಳಿಯೋಕೆ ಅದೊಂದು ಕೊಕ್ಕೆ.

ಆಮೇಲೆ 20ನೇ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈ ಆದಿಪ್ರಾಸ ಬಿಟ್ಟು ಬರೆದರು. ಹೊಸ ಕವಿತೆಗೆ ಅದು ಕಡ್ಡಾಯವಾಗಿ ಉಳಿಯಲಿಲ್ಲ. ಆದ್ದರಿಂದ ಇವತ್ತು ನಾವು ಪ್ರಾಸ ಇಟ್ಟರೆ ಅದು ನಮ್ಮ ಇಷ್ಟಕ್ಕೆ.

ನಾಲ್ಕು ಸಾಲು ಕಟ್ಟೋಣ

ಮೊದಲ ಕೆಲಸ, ಕಂಡದ್ದನ್ನ ಪಟ್ಟಿ ಮಾಡೋದು. ಹೆಬ್ಬೆಯಲ್ಲಿ ಏನಿದೆ? ಬಂಡೆ, ನೀರಿನ ಸದ್ದು, ಕಾಫಿ ಗಿಡ, ಇಬ್ಬನಿ, ಮಂಜು ಮುಚ್ಚಿದ ತಿರುವು. ಗುಲಾಬಿ ಇಲ್ಲ, ಬಿಟ್ಟುಬಿಡಿ.

ಎರಡನೇದು ಲಯ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರೋ ಅಕ್ಷರಕ್ಕೂ ಎರಡು. 'ಹೆಬ್ಬೆಯ' ಅಂದ್ರೆ 2+1+1, ಒಟ್ಟು ನಾಲ್ಕು. 'ಇಬ್ಬನಿ' ಕೂಡ ನಾಲ್ಕು. ನಾಲ್ಕು ಮಾತ್ರೆಯ ಮೂರು ತುಂಡು, ಕೊನೆಗೆ ಮೂರು ಮಾತ್ರೆ, ಒಂದು ಉಸಿರು. ಮೇಜು ತಟ್ಟಿಕೊಂಡು ಓದಿ:

ಹೆಬ್ಬೆಯ ಬಂಡೆಯ ನೀರಿನ ಹಾಡು
ಇಬ್ಬನಿ ನೆನೆಸಿದ ಕಾಫಿಯ ಕಾಡು
ಮಬ್ಬಿನ ದಾರಿಯ ತಿರುವಲಿ ನಿಂತೆ
ಒಬ್ಬನೆ ಕೇಳಿದೆ, ನೀ ಕರೆದಂತೆ

ಈ ಸಂಚಿಕೆಗಾಗಿ ಕಟ್ಟಿದ ಸಾಲುಗಳು ಇವು. ಹುಡುಗಿ ಬರೆಯೋದಾದ್ರೆ 'ಒಬ್ಬಳೆ' ಅಂತ ಮಾಡ್ಕೊಳ್ಳಿ, ಮಾತ್ರೆ ಕೆಡೋದಿಲ್ಲ. ಆದರೆ 'ಕಾಫಿಯ ಕಾಡು' ತೆಗೆದು 'ಕಾಫಿ ತೋಟದ ಕಾಡು' ಅಂತ ಓದಿ ನೋಡಿ. ನಾಲಿಗೆ ಅಲ್ಲೇ ಎಡವುತ್ತೆ. ಲೆಕ್ಕ ತಪ್ಪಿದ್ದು ಕಿವಿಗೇ ಗೊತ್ತಾಗುತ್ತೆ.

ಪ್ರಾಸ ಕರೆದಲ್ಲೆಲ್ಲ ಹೋಗಬೇಡಿ

ಇದು ಮುಖ್ಯ. ಪಟ್ಟಿಯಲ್ಲಿ 'ಹಬ್ಬ' ಇತ್ತು, 'ತಬ್ಬು' ಇತ್ತು. 'ಹಬ್ಬದ ಸಡಗರ ಎದೆಯಲಿ ಇಂದು' ಅಂತ ಬರೆದಿದ್ರೆ ಮಾತ್ರೆಯೂ ಸರಿ, ಪ್ರಾಸವೂ ಸರಿ. ಆದರೆ ಮಂಜಿನಲ್ಲಿ ಒಬ್ಬನೇ ನಿಂತವನಿಗೆ ಎಲ್ಲಿಯ ಹಬ್ಬ? ಅದು ಸುಳ್ಳು. ಪ್ರಾಸ ಪದಗಳನ್ನ ತಂದು ಮುಂದಿಡುತ್ತೆ, ಯಾವುದು ನಿಜ ಅಂತ ಆರಿಸೋರು ನೀವು. ಹೆಚ್ಚಿನ ಪ್ರಾಸದ ಕವಿತೆ ಸೋಲೋದು ಇಲ್ಲೇ: ಪದ ಹೊಂದಿತು ಅಂತ ಭಾವನೆಯನ್ನೇ ಬದಲಾಯಿಸಿಬಿಡ್ತೀವಿ.

ಇನ್ನೊಂದು ಗಮನಿಸಿ. ನಾಲ್ಕು ಸಾಲಲ್ಲಿ 'ಪ್ರೀತಿ' ಅನ್ನೋ ಪದ ಇಲ್ಲ. ಅವಳ ಕಣ್ಣು, ತುಟಿ ಯಾವುದೂ ಇಲ್ಲ. ನೀರಿನ ಸದ್ದಲ್ಲಿ ಅವಳ ದನಿ ಕೇಳಿದ ಹಾಗಾಯ್ತು ಅಂದದ್ದೇ ಸಾಕು. ಪ್ರಕೃತಿಯನ್ನ ಅವಳ ಅಂದಕ್ಕೆ ಅಳತೆಗೋಲು ಮಾಡೋ ಬದಲು, ನಿಮ್ಮ ಮನಸ್ಸಿನ ಸ್ಥಿತಿ ಹೇಳೋಕೆ ಬಿಡಿ. ಕೆ.ಎಸ್. ನರಸಿಂಹಸ್ವಾಮಿ ಅವರ 'ಮೈಸೂರ ಮಲ್ಲಿಗೆ' ಬಂದದ್ದು 1942ರಲ್ಲಿ. ಮನೆ, ಊರು, ಗಂಡ–ಹೆಂಡತಿಯ ದಿನದ ಮಾತು ಇಷ್ಟರಲ್ಲೇ ಅದು ಪ್ರೀತಿಯನ್ನ ಹೇಳಿತು. ಇವತ್ತಿಗೂ ಮದುವೆ ಮನೆಗಳಲ್ಲಿ ಅದರ ಹಾಡು ಕೇಳುತ್ತೆ.

'ನೀ ಕರೆದಂತೆ' ಅನ್ನೋ ಕೊನೆಗೂ ಒಂದು ಕಾರಣ ಇದೆ. ಅದು ಉತ್ತರ ಕೊಡು ಅಂತ ಒತ್ತಾಯ ಮಾಡೋದಿಲ್ಲ. ಕವಿತೆ ಕಳಿಸೋದು ನಿಮ್ಮ ಆಸೆ, ಉತ್ತರ ಕೊಡೋದು ಬಿಡೋದು ಅವರ ಇಷ್ಟ. ಕರೆದರೋ, ಕರೆದಂತೆ ಅನ್ನಿಸಿತೋ ಅನ್ನೋದನ್ನ ಅವರೇ ಹೇಳಲಿ.

ಈಗ ನಿಮ್ಮ ಸರದಿ. ನಿಮ್ಮೂರಿನ ಹೆಸರು ತಗೊಳ್ಳಿ, ಎರಡನೇ ಅಕ್ಷರ ನೋಡಿ. ಕಡೂರಿಗೆ ಡಕಾರ: ಗಿಡ, ಬಿಡು, ಮಡಿಲು, ಕಡಲು. ತರೀಕೆರೆಗೆ ರಕಾರ: ಮರ, ಬರು, ಇರುಳು, ಕರೆ. ಹತ್ತು ಪದ ಬರೆದಿಡಿ, ಸುಳ್ಳಾದವನ್ನ ಹೊಡೆದು ಹಾಕಿ, ಉಳಿದದ್ದರಲ್ಲಿ ನಾಲ್ಕು ಸಾಲು ಕಟ್ಟಿ. ಕಳಿಸೋ ಮುಂಚೆ ಒಮ್ಮೆ ಜೋರಾಗಿ ಓದಿ.

ಇಷ್ಟ ಆದರೆ ಸಂಚಿಕೆಯನ್ನ ಗೆಳೆಯರಿಗೂ ಕಳಿಸಿ. ಮತ್ತೆ ಸಿಗೋಣ.