ನಿಲ್ಲದ ಹರಳು

ಅಡಕೆ ತೋಟದವರಿಗೆ ಮೈಲುತುತ್ತ ಹೊಸದಲ್ಲ. ನಾಟಿವೈದ್ಯ ಬಲ್ಲ ಹಿರಿಯರಿಗೆ ಅನ್ನಭೇದಿಯೂ ಹೊಸದಲ್ಲ. ಒಂದು ತಾಮ್ರದ ಸಲ್ಫೇಟು, ನೀಲಿ. ಇನ್ನೊಂದು ಕಬ್ಬಿಣದ ಸಲ್ಫೇಟು, ಹಸುರು. ಇವುಗಳ ಬಂಧುವಾದ ಕೋಬಾಲ್ಟಿನ ಸಲ್ಫೇಟನ್ನು ವಿಜ್ಞಾನ ಓದುವ ಗೆಳೆಯನೊಬ್ಬನು ಸೀಸೆಯಲ್ಲಿ ನನಗೆ ತೋರಿಸಿದನು. ಗುಲಾಬಿ ಬಣ್ಣ! ಇದು ನೆಲದಲ್ಲಿ ಸಿಕ್ಕುವುದಿಲ್ಲವೇ ಎಂದು ಕೇಳಿದೆನು. ಸಿಕ್ಕುವುದುಂಟು, ನಿಲ್ಲುವುದು ಕಷ್ಟ ಎಂದನು. ಆ ಮಾತಿನ ಅರ್ಥವನ್ನು ಹುಡುಕಿಕೊಂಡು ಹೋದಾಗ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ನೆಲದಲ್ಲಿ ಸಿಕ್ಕುವ ಈ ಖನಿಜಕ್ಕೆ ಬೀಬರೈಟ್ ಎಂದು ಹೆಸರು. ಜರ್ಮನಿಯ ಹೆಸ್ಸೆ ಪ್ರಾಂತದಲ್ಲಿರುವ ಬೀಬರ್ ಎಂಬ ಗಣಿಯೂರಿನಿಂದ ಬಂದ ಈ ಹೆಸರನ್ನು 1845ರಲ್ಲಿ ಆಸ್ಟ್ರಿಯದ ಖನಿಜಶಾಸ್ತ್ರಜ್ಞ ಹೈಡಿಂಗರ್ ಇಟ್ಟನು. ಕೋಬಾಲ್ಟ್ ಎಂಬ ಹೆಸರಿನ ಮೂಲವೂ ಜರ್ಮನ್ ಗಣಿಗಳೇ. ಬೆಳ್ಳಿಯೆಂದು ಕರಗಿಸಿದ ಅದಿರು ಬೆಳ್ಳಿ ಕೊಡದೆ ಪಾಷಾಣದ ವಿಷಹೊಗೆ ಕಾರಿದಾಗ, ಇದು ‘ಕೋಬೋಲ್ಡ್’ ಎಂಬ ಕುಚೇಷ್ಟೆಯ ಭೂತದ ಕೆಲಸವೆಂದು ಕೂಲಿಗಳು ನಂಬಿದರು. ಹೊಗೆ ಕುಡಿದವರು ಅವರೇ ಆದ್ದರಿಂದ ಆ ನಂಬಿಕೆಗೆ ನಗಲು ನನಗೆ ಮನಸ್ಸಿಲ್ಲ.

ಗಣಿ ತೋಡಿದಾಗ ಕೋಬಾಲ್ಟ್ ಅದಿರಿಗೆ ಗಾಳಿಯೂ ತೇವವೂ ತಾಗುತ್ತವೆ. ಅದಿರಿನ ಗಂಧಕವು ಸಲ್ಫೇಟಾಗಿ, ಕೋಬಾಲ್ಟ್ ಅದರೊಡನೆ ನೀರಿನಲ್ಲಿ ಕರಗಿ ಜಿನುಗುತ್ತದೆ. ಆ ನೀರು ಆರಿದೆಡೆ ಗೋಡೆಯ ಮೇಲೆ ಗುಲಾಬಿ ಹಕ್ಕಳೆ ಕಟ್ಟುತ್ತದೆ. ಕೆಲವೆಡೆ ಸುಣ್ಣದ ಗುಹೆಯಲ್ಲಿರುವಂತೆ ಜೋಲುತ್ತದೆ. ಅದೇ ಬೀಬರೈಟ್. ಉಗುರಿನಿಂದ ಗೀರಬಹುದಾದಷ್ಟು ಮೆದು. ಹರಳಿನ ಕಟ್ಟು ಅನ್ನಭೇದಿಯದೇ. ಅದರಂತೆಯೇ ಒಂದು ಪಾಲು ಸಲ್ಫೇಟಿಗೆ ಏಳು ಅಣು ನೀರು. ತೂಕದಲ್ಲಿ ಲೆಕ್ಕ ಹಾಕಿ ನೋಡಿದೆನು: ನೂರಕ್ಕೆ ಸುಮಾರು 45 ಪಾಲು ನೀರೇ!

ತೊಡಕಿರುವುದು ಈ ನೀರಿನಲ್ಲಿಯೇ. ಮಳೆ ತಾಗಿದರೆ ಹರಳು ಕರಗಿ ಹರಿದುಹೋಗುತ್ತದೆ. ಮಳೆಯಿಂದ ಕಾಪಾಡಿ ಒಣಗಾಳಿಯಲ್ಲಿಟ್ಟರೆ ಒಂದು ಅಣು ನೀರನ್ನು ಬಿಟ್ಟುಕೊಟ್ಟು, ಹೊಳಪು ಕಳೆದುಕೊಂಡು ಪುಡಿಯಾಗತೊಡಗುತ್ತದೆ. ಆಗ ಅದು ಬೀಬರೈಟೇ ಅಲ್ಲ. ಆರು ಅಣು ನೀರಿನ ಖನಿಜಕ್ಕೆ ಮೂರ್‌ಹೌಸೈಟ್ ಎಂದೂ ನಾಲ್ಕು ಅಣುವಿನದಕ್ಕೆ ಆಪ್ಲೋವೈಟ್ ಎಂದೂ ಬೇರೆ ಹೆಸರುಗಳಿವೆ. ಇವೆರಡನ್ನೂ ಕೆನಡದ ನೋವಾಸ್ಕೋಷಿಯಾದಿಂದ 1965ರಲ್ಲಿ ವರ್ಣಿಸಿದರು. ಹೀಗಾಗಿ ಸಂಗ್ರಹಾಲಯದ ಚೀಟಿಯಲ್ಲಿ ಬೀಬರೈಟ್ ಎಂದಿದ್ದರೂ ಪೆಟ್ಟಿಗೆಯೊಳಗೆ ಉಳಿದಿರುವುದು ಮೂರ್‌ಹೌಸೈಟ್ ಆಗಿರಬಹುದು.

ಗೆಳೆಯನು ಆ ದಿನ ನನಗೆ ತೋರಿಸಿದೊಡನೆಯೇ ಸೀಸೆಯ ಬಿರಡೆಯನ್ನು ಬಿಗಿಯಾಗಿ ಒತ್ತಿ ಮುಚ್ಚಿಬಿಟ್ಟನು. ಜಿಪುಣನೆಂದು ಆಗ ನಾನು ಅಂದುಕೊಂಡಿದ್ದೆನು.