ಮಣ, ಮಣ, ತೊಲ, ಅರೆಮಣ

ಸೊಲ್ಲಾಪುರದ ಪೇಟೆಯಲ್ಲಿ ಅಪ್ಪ ಲೆಕ್ಕ ಬರೆಯುತ್ತಿದ್ದ ಅಡತಿ ಅಂಗಡಿಯ ಹಿಂಗೋಡೆ ಸುಣ್ಣ ಕಂಡು ಎಷ್ಟೋ ವರ್ಷವಾಗಿತ್ತು. ಅದರ ತುಂಬ ಇದ್ದಿಲಿನ ಗೀಟುಗಳು. ನಾಲ್ಕು ಉದ್ದ ಗೀಟು, ಅವುಗಳ ಮೇಲೊಂದು ಅಡ್ಡ ಗೀಟು, ಪಕ್ಕದಲ್ಲಿ ‘ಮ’ ಎಂಬ ಒಂಟಿ ಅಕ್ಷರ. ಕಿಲೋ ಬಂದು ವರ್ಷಗಟ್ಟಲೆ ಆಗಿದ್ದರೂ ತೂಕ ಮಾಡುವ ಕಾಕಾನ ಬಾಯಲ್ಲಿ ಲೆಕ್ಕ ಮಣದಲ್ಲೇ ಓಡುತ್ತಿತ್ತು. ಅಕ್ಕಲಕೋಟೆ ಕಡೆಯಿಂದ ಬಂದ ಜೋಳದ ಚೀಲ ಕಾಟಾದಿಂದ ಇಳಿದದ್ದೇ ತಡ, ಅವನು ತಿರುಗಿಯೂ ನೋಡದೆ ಗೋಡೆಗೊಂದು ಗೀಟು ಎಳೆಯುತ್ತಿದ್ದ.

“ಕಾಕಾ, ಗ್ವಾಡಿ ಮ್ಯಾಲ ಏನ ಬರದಿ?”

“ನಿನಗ ತಿಳಿಯಂಗಿಲ್ಲೋ ತಮ್ಮಾ. ಯಾರ ಮಾಲೋ ಅವಂಗ ತಿಳೀತೈತಿ.”

ಅದೇ ವರ್ಷಗಳಲ್ಲಿ ಜೊತೆಗಾರನೊಬ್ಬನ ಮನೆಯಲ್ಲಿ ಇನ್ನೊಂದು ಗೋಡೆಯ ಕತೆ ಕೇಳಿದೆ. ಕ್ರೈಸ್ತರ ಮನೆ. ಕಪಾಟಿನಲ್ಲಿ ಮರಾಠಿ ಬೈಬಲ್ಲು, ಕನ್ನಡ ಬೈಬಲ್ಲು ಎರಡೂ ಇದ್ದವು. ಅವನ ಅಜ್ಜ ಅಂತ್ಯಕಾಲ, ನ್ಯಾಯತೀರ್ಪಿನ ದಿನ ಎಂದು ಶುರು ಮಾಡಿದರೆ ಹುಡುಗರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದೆವು. ದಾನಿಯೇಲನ ಐದನೆಯ ಅಧ್ಯಾಯ ಬಂದಾಗ ಮಾತ್ರ ಯಾರೂ ಏಳುತ್ತಿರಲಿಲ್ಲ.

ಬಾಬಿಲೋನಿನ ಅರಸ ಬೇಲ್ಶಚ್ಚರ ತನ್ನ ಸಾವಿರ ಮಂದಿ ಸರದಾರರಿಗೆ ಔತಣ ಕೊಡುತ್ತಾನೆ. ಯೆರೂಸಲೇಮಿನ ದೇವಾಲಯದಿಂದ ಕೊಳ್ಳೆ ಹೊಡೆದು ತಂದ ಬಂಗಾರದ ಪಾತ್ರೆಗಳನ್ನು ತರಿಸಿ ಅವುಗಳಲ್ಲೇ ದ್ರಾಕ್ಷಾರಸ ಕುಡಿಯುತ್ತಾರೆ. ಆಗ ಮನುಷ್ಯನ ಕೈಬೆರಳುಗಳು, ಬರೀ ಬೆರಳುಗಳು, ದೀಪಸ್ತಂಭದ ಎದುರಿನ ಗಾರೆಯ ಮೇಲೆ ಬರೆಯತೊಡಗುತ್ತವೆ: ಮೆನೇ, ಮೆನೇ, ತೆಕೇಲ್, ಉಫರ್ಸಿನ್. ಅರಸನ ಮೊಣಕಾಲು ಒಂದಕ್ಕೊಂದು ಬಡಿಯುತ್ತವೆ. ಆಸ್ಥಾನದ ಪಂಡಿತರಿಗೆ ಅದರ ಅರ್ಥ ಬಗೆಹರಿಯುವುದಿಲ್ಲ. ಸೆರೆಯಾಗಿ ಬಂದಿದ್ದ ಯೆಹೂದ್ಯ ದಾನಿಯೇಲ ಬಂದು ಬಿಡಿಸುತ್ತಾನೆ: ನಿನ್ನ ಆಳ್ವಿಕೆಯ ದಿನ ಎಣಿಸಿಯಾಯಿತು, ನಿನ್ನನ್ನು ತೂಗಿಯಾಯಿತು, ತೂಕದಲ್ಲಿ ಕಮ್ಮಿ ಬಿದ್ದೆ, ರಾಜ್ಯ ಒಡೆದು ಮೇದ್ಯರಿಗೂ ಪಾರಸಿಗಳಿಗೂ ಹೋಗುತ್ತದೆ. ಆ ರಾತ್ರಿಯೇ ಅರಸ ಹತನಾಗುತ್ತಾನೆ.

ನಮ್ಮ ಪತ್ರಿಕೆಯವರು ಚುನಾವಣೆ ಬಂತೆಂದರೆ ಬಳಸುವ ‘ಗೋಡೆಬರಹ’ ಈ ಗಾರೆಯಿಂದ ಕಿತ್ತು ತಂದದ್ದು. ನಮಗೆ ಹಣೆಬರಹ ಇತ್ತು, ಗೋಡೆಯದು ಇರಲಿಲ್ಲ.

ಈ ಕತೆಗೆ ಎರಡು ಗಂಟುಗಳಿದ್ದವು. ಮೊದಲನೆಯದು, ಬೇಲ್ಶಚ್ಚರ ಎಂಬ ಅರಸ ಇದ್ದನೇ? ಗ್ರೀಕರ ಇತಿಹಾಸದಲ್ಲಿ ಬಾಬಿಲೋನಿನ ಕೊನೆಯ ಅರಸನ ಹೆಸರು ನಬೋನಿಡಸ್. ಬೇಲ್ಶಚ್ಚರನ ಸುದ್ದಿಯೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೆಲವು ಜರ್ಮನ್ ವಿದ್ವಾಂಸರು ಅವನನ್ನು ಕಟ್ಟುಕತೆಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು.

1854ರಲ್ಲಿ ಬಸ್ರಾದ ಬ್ರಿಟಿಷ್ ವೈಸ್ ಕಾನ್ಸಲ್ ಜೆ. ಜಿ. ಟೇಲರ್ ದಕ್ಷಿಣ ಇರಾಕಿನ ಒಂದು ದಿಬ್ಬವನ್ನು ಅಗೆಯುತ್ತಿದ್ದ. ಅದು ಹಳೆಯ ಊರ್ ಪಟ್ಟಣ. ಅಲ್ಲಿದ್ದ ಚಂದ್ರದೇವರ ಮೆಟ್ಟಿಲುಗೋಪುರದ ಮೂಲೆಗಳನ್ನು ಕಡಿದು ಇಳಿದಾಗ ಮಣ್ಣಿನ ಉರುಳೆಗಳು ಸಿಕ್ಕವು, ಮೈತುಂಬ ಬೆಣೆಲಿಪಿ. ಓದಿದವನು ಹೆನ್ರಿ ರಾಲಿನ್ಸನ್. ಈತ 1827ರಲ್ಲಿ ಕಂಪನಿಯ ಫೌಜಿಗೆ ಸೇರಲು ಮುಂಬಯಿಗೆ ಬಂದು ಇಳಿದ ಹುಡುಗ, ಪಾರಸಿ ಕಲಿತದ್ದು ಇಲ್ಲೇ. ಸೊಲ್ಲಾಪುರವೂ ಆಗ ಅದೇ ಮುಂಬಯಿ ಇಲಾಖೆಯಲ್ಲಿತ್ತು. ಉರುಳೆಯಲ್ಲಿದ್ದದ್ದು ನಬೋನಿಡಸನ ಪ್ರಾರ್ಥನೆ. ತನ್ನನ್ನು ಕಾಯಬೇಕು, ತನ್ನ ಹಿರಿಯ ಮಗ ಬೇಲ್-ಶರ್-ಉಸುರನನ್ನೂ ಕಾಯಬೇಕು ಎಂದು ಅವನು ಚಂದ್ರನನ್ನು ಬೇಡುತ್ತಾನೆ. ಕಟ್ಟುಕತೆಯ ಅರಸ ಮಣ್ಣಿನಿಂದ ಎದ್ದು ಬಂದ.

1882ರಲ್ಲಿ ಥಿಯೊಫಿಲಸ್ ಪಿಂಚಸ್ ಓದಿ ಪ್ರಕಟಿಸಿದ ಒಂದು ಮಣ್ಣಿನ ಹಲಗೆಯಿಂದ ಉಳಿದದ್ದು ತಿಳಿಯಿತು. ಅಪ್ಪ ರಾಜಧಾನಿ ಬಿಟ್ಟು ಅರೇಬಿಯದ ತೇಮಾದಲ್ಲಿ ವರ್ಷಗಟ್ಟಲೆ ಕೂತಿದ್ದ, ಮಗ ಬಾಬಿಲೋನಿನಲ್ಲಿದ್ದ. ಹಾಗಾಗಿಯೇ ಕತೆಯಲ್ಲಿ ಬೇಲ್ಶಚ್ಚರ ದಾನಿಯೇಲನಿಗೆ ರಾಜ್ಯದ ಮೂರನೆಯ ಸ್ಥಾನ ಕೊಡುತ್ತೇನೆ ಅನ್ನುವುದು. ಎರಡನೆಯವನು ತಾನೇ ಆಗಿದ್ದ!

ಇಷ್ಟಕ್ಕೇ ಬೈಬಲ್ಲಿನ ಅಕ್ಷರ ಅಕ್ಷರ ಸಾಬೀತಾಯಿತೆಂದು ಕುಣಿಯುವವರೂ ಇದ್ದಾರೆ. ನನಗೆ ಆ ಕುಣಿತ ಒಪ್ಪಿಗೆಯಿಲ್ಲ. ಬೇಲ್ಶಚ್ಚರ ಪಟ್ಟಕ್ಕೆ ಕೂತ ಅರಸನಲ್ಲ, ಅಪ್ಪನ ಪರವಾಗಿ ಕಾರಭಾರ ನೋಡಿದವ. ಕತೆ ಅವನನ್ನು ಯೆರೂಸಲೇಮಿನ ದೇವಾಲಯ ಕೊಳ್ಳೆ ಹೊಡೆದ ಅರಸ ನೆಬೂಕದ್ನೆಚ್ಚರನ ಮಗ ಅನ್ನುತ್ತದೆ, ಉರುಳೆ ನಬೋನಿಡಸನ ಮಗ ಅನ್ನುತ್ತದೆ. ಆಮೇಲೆ ಪಟ್ಟವೇರಿದನೆಂದು ಕತೆ ಹೇಳುವ ಮೇದ್ಯನಾದ ದಾರ್ಯಾವೆಷ ಇವತ್ತಿಗೂ ಯಾವ ಮಣ್ಣಿನ ಹಲಗೆಯಲ್ಲೂ ಸಿಕ್ಕಿಲ್ಲ. ಪಾರಸಿ ಸೈನ್ಯ ಕ್ರಿ.ಪೂ. 539ರ ಅಕ್ಟೋಬರಿನಲ್ಲಿ ಹೋರಾಟವಿಲ್ಲದೆ ಬಾಬಿಲೋನಿನೊಳಗೆ ಬಂತು ಎಂಬುದು ಮಾತ್ರ ಹಲಗೆಯಲ್ಲಿದೆ.

ನನಗೆ ಹೆಚ್ಚು ಹಿಡಿಸಿದ್ದು ಎರಡನೆಯ ಗಂಟು: ಗೋಡೆಯ ಮೇಲಿನ ನಾಲ್ಕು ಮಾತು. ಪಂಡಿತರಿಗೆ ಅದೇಕೆ ತಿಳಿಯಲಿಲ್ಲ? ಮಾತೇನೋ ಅರಾಮಿಕ್, ಆ ಕಾಲದ ಪೇಟೆಗಳಲ್ಲೆಲ್ಲ ನಡೆಯುತ್ತಿದ್ದ ಭಾಷೆ. ಲಿಪಿ ಗುಪ್ತವಾಗಿತ್ತು, ಅಕ್ಷರ ಮೇಲಿನಿಂದ ಕೆಳಕ್ಕೆ ಇದ್ದವು ಎಂದು ಹಳೆಯ ವ್ಯಾಖ್ಯಾನಕಾರರು ತಲೆಗೊಂದು ಹೇಳುತ್ತಿದ್ದರು.

ಬಿಡಿಸಿದವನು ಫ್ರಾನ್ಸಿನ ಶಾರ್ಲ್ ಕ್ಲೆರ್ಮೊಂ-ಗನೋ. ಹಳೆಯ ಶಾಸನ ಓದುವುದರಲ್ಲಿ ಎತ್ತಿದ ಕೈ, ಖೋಟಾ ಹಿಡಿಯುವುದರಲ್ಲಿ ಇನ್ನೂ ಮುಂದೆ. ಮೋಶೆಯ ಧರ್ಮೋಪದೇಶದ ಪುರಾತನ ಪ್ರತಿಯೆಂದು ಯೆರೂಸಲೇಮಿನ ವ್ಯಾಪಾರಿ ಶಪೀರಾ 1883ರಲ್ಲಿ ಲಂಡನ್ನಿಗೆ ಮಾರಲು ತಂದ ತೊಗಲಿನ ಪಟ್ಟಿಗಳನ್ನು ನಕಲಿ ಎಂದು ಸಾರಿದವನು ಅವನೇ. ಗೋಡೆಯ ಮಾತಿನ ಸುಳಿವು ಅವನಿಗೆ ಸಿಕ್ಕಿದ್ದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಅಸ್ಸೀರಿಯದ ತೂಕದ ಕಲ್ಲುಗಳಲ್ಲಿ. ಕಲ್ಲು ಎಂದೆ, ನಿಜಕ್ಕೂ ಅವು ಕಂಚಿನ ಸಿಂಹಗಳು. ಆಸ್ಟಿನ್ ಲೇಯರ್ಡ್ 1840ರ ದಶಕದಲ್ಲಿ ನಿಮ್ರೂದಿನ ಅರಮನೆಯಲ್ಲಿ ಅಗೆದು ತೆಗೆದ ಹದಿನಾರು ಸಿಂಹಗಳ ಸಾಲು ಅದು. ದೊಡ್ಡದು ಬಲು ಭಾರ, ಸಣ್ಣದು ಅಂಗೈಯಲ್ಲಿ ಅಡಗುತ್ತದೆ. ಬೆನ್ನ ಮೇಲೆ ಎತ್ತಲು ಹಿಡಿಕೆ. ಮೈಮೇಲೆ ಬೆಣೆಲಿಪಿಯಲ್ಲಿ ಅರಸನ ಹೆಸರು, ಅರಾಮಿಕ್ ಅಕ್ಷರದಲ್ಲಿ ಪೇಟೆಯವರಿಗೆ ತಿಳಿಯಲೆಂದು ತೂಕ. ಪಕ್ಕೆಯ ಮೇಲೆ, ಎಷ್ಟು ತೂಕವೋ ಅಷ್ಟು ಗೀಟು.

ಅದನ್ನು ಓದಿದ ದಿನ ನನಗೆ ಕಾಕಾನ ಗೋಡೆ ನೆನಪಾಯಿತು.

ಆ ತೂಕದ ಹೆಸರು ಮ-ನ. ಅರವತ್ತು ತೆಕೇಲ್ ಕೂಡಿದರೆ ಬಾಬಿಲೋನಿನಲ್ಲಿ ಒಂದು ಮನ. ಹೀಬ್ರೂ ಶೆಕೆಲ್‌ನ ಅರಾಮಿಕ್ ರೂಪವೇ ತೆಕೇಲ್. ಮನದ ಅರ್ಧ ಪೆರೇಸ್. ‘ಉ’ ಎಂದರೆ ಮತ್ತು, ‘ಫರ್ಸಿನ್’ ಪೆರೇಸದ ಬಹುವಚನ. 1886ರಲ್ಲಿ ಪ್ಯಾರಿಸ್ಸಿನ ಜೂರ್ನಾಲ್ ಆಸಿಯಾತಿಕ್ ಪತ್ರಿಕೆಯಲ್ಲಿ ಕ್ಲೆರ್ಮೊಂ-ಗನೋ ತೋರಿಸಿಕೊಟ್ಟದ್ದು ಇಷ್ಟೇ: ದೇವರ ಬೆರಳು ಬರೆದದ್ದು ತಕ್ಕಡಿ ಪಕ್ಕದ ಕಲ್ಲುಗಳ ಹೆಸರು. ಅರಾಮಿಕ್‌ನಲ್ಲಿ ಬರೆಯುವುದು ಬರೀ ವ್ಯಂಜನ. ಸ್ವರ ಹಾಕಿಕೊಳ್ಳುವುದು ಓದುವವನ ಕೆಲಸ. ಒಂದು ಸ್ವರ ಹಾಕಿದರೆ ಕಲ್ಲಿನ ಹೆಸರು, ಇನ್ನೊಂದು ಹಾಕಿದರೆ ಎಣಿಸಿತು, ತೂಗಿತು, ಒಡೆಯಿತು. ಪೆರೇಸಿನಲ್ಲಿ ಪಾರಸಿಗಳ ಹೆಸರೂ ಅಡಗಿದೆ.

ನಮ್ಮ ಪೇಟೆಗೆ ತಂದು ಹೇಳುವುದಾದರೆ, ಬೆಳಗ್ಗೆ ಕದ ತೆಗೆದಾಗ ಗೋಡೆಯ ಮೇಲೆ ‘ಮಣ, ಮಣ, ತೊಲ, ಅರೆಮಣ’ ಅಂತ ಕಂಡಿತೆನ್ನಿ. ಸಾವಕಾರ ಓದಬಲ್ಲ. ಯಾವ ಮಾಲು, ಯಾರ ಲೆಕ್ಕ ಎಂಬುದು ಮಾತ್ರ ತಿಳಿಯದೆ ಬೆವರುತ್ತಾನೆ. ಬಾಬಿಲೋನಿನ ಪಂಡಿತರದೂ ಅದೇ ಪಾಡಾಗಿತ್ತು ಅಂತ ನನ್ನ ತರ್ಕ.

ಮುಂದೆ ಬಂದವರು ಇದನ್ನು ಇನ್ನೂ ಎಳೆದರು. ತಾಲ್ಮೂದಿನಲ್ಲಿ ಯೋಗ್ಯನನ್ನು ಮನ, ಅವನಿಗಿಂತ ಕೆಳಗಿನವನನ್ನು ಪೆರೇಸ್ ಎಂದು ಕರೆಯುವ ಮಾತಿದೆ. ನಾವು ತೂಕದ ಮನುಷ್ಯ ಅನ್ನುತ್ತೇವಲ್ಲ, ಹಾಗೆ. ಆ ಲೆಕ್ಕದಲ್ಲಿ ನೆಬೂಕದ್ನೆಚ್ಚರ ಒಂದು ಮನ, ಅವನ ಗಾದಿಯಲ್ಲಿ ಕೂತು ಕುಡಿಯುವ ಬೇಲ್ಶಚ್ಚರ ಒಂದು ತೆಕೇಲ್, ಬರುತ್ತಿರುವ ಮೇದ್ಯರು ಪಾರಸಿಗಳು ತಲಾ ಅರೆಮನ ಎಂದು ಓದಿದರು. ಎಲ್ಲರೂ ಒಪ್ಪುವುದಿಲ್ಲ, ಆದರೆ ಕುಚೋದ್ಯ ಮಾತ್ರ ಪೇಟೆಯದೇ. ಬಾಬಿಲೋನಿನ ತೆಕೇಲ್ ಎಂಟು ಗ್ರಾಮಿನ ಆಸುಪಾಸು, ನಮ್ಮ ತೊಲಕ್ಕೂ ಕಮ್ಮಿ.

ಅದೇ 1886ರಲ್ಲಿ ಯೂಲ್ ಮತ್ತು ಬರ್ನೆಲ್ ಅವರ ಹಾಬ್ಸನ್-ಜಾಬ್ಸನ್ ಕೋಶ ಹೊರಬಂತು. ಅದರಲ್ಲಿ ಹಿಂದಿಯ ಮನ್, ಮರಾಠಿಯ ಮಣ ಎಂಬ ತೂಕದ ಹೆಸರನ್ನು ಬಾಬಿಲೋನಿನ ಇದೇ ಮನದವರೆಗೆ ಹಿಂಬಾಲಿಸಿದ್ದಾರೆ. ಕಾಕಾ ಗೋಡೆಗೆ ಎಳೆಯುತ್ತಿದ್ದ ‘ಮ’ವೂ ದಾನಿಯೇಲ ಓದಿದ ಮೊದಲ ಅಕ್ಷರವೂ ಒಂದೇ ಮಾತಿನವು. ಹೆಸರು ಉಳಿಯಿತು, ಕಲ್ಲು ಬೆಳೆಯಿತು: ಬಾಬಿಲೋನಿನ ಮನ ಅರ್ಧ ಕಿಲೋ, ನಮ್ಮ ನಾಲ್ವತ್ತು ಸೇರಿನ ಸರಕಾರಿ ಮಣ 37 ಕಿಲೋಗೂ ಮೇಲೆ. ಹೀಬ್ರೂವಿನಲ್ಲಿ ಕಲ್ಲಿಗೂ ತೂಕಕ್ಕೂ ಒಂದೇ ಶಬ್ದ. ಕಲ್ಲು ಹಾಕು ಎಂದರೆ ತೂಗು ಎಂದು ತಿಳಿಯುವ ನಮಗೆ ಅದನ್ನು ವಿವರಿಸಬೇಕಾಗಿಲ್ಲ.

ಬರಹ ಒಬ್ಬರದು, ಅರ್ಥ ಇನ್ನೊಬ್ಬರದು ಎಂಬುದೂ ಸೊಲ್ಲಾಪುರಕ್ಕೆ ಹೊಸದಲ್ಲ. ಜನವರಿಯ ಸಿದ್ಧರಾಮನ ಗಡ್ಡಾ ಜಾತ್ರೆಯಲ್ಲಿ ಹೋಮದ ರಾತ್ರಿ, ದಿನವಿಡೀ ಉಪವಾಸ ಇಟ್ಟ ಕರುವಿನ ಮುಂದೆ ಕಾಳು ಬೆಲ್ಲ ಇಡುತ್ತಾರೆ. ಅದು ಏನಕ್ಕೆ ಬಾಯಿ ಹಾಕಿತು ಎಂಬುದರ ಮೇಲೆ ಆ ವರ್ಷದ ಮಳೆ, ಪೇಟೆಯ ಧಾರಣೆ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದು ಮಾತು ಉದುರಿಸಿದರೆ ಊರೂರು ವರ್ಷವಿಡೀ ಅದನ್ನು ಬಿಡಿಸುತ್ತ ಕೂರುತ್ತದೆ.

ತಕ್ಕಡಿ ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ ಮತ್ತೆ ಬರುತ್ತದೆ. ಪ್ರಕಟನೆಯ ಆರನೆಯ ಅಧ್ಯಾಯದಲ್ಲಿ ಕರಿಯ ಕುದುರೆ ಏರಿ ಬರುವವನ ಕೈಯಲ್ಲಿರುವುದು ಕತ್ತಿಯಲ್ಲ, ತಕ್ಕಡಿ. ಒಂದು ದಿನದ ಕೂಲಿಗೆ ಒಂದೇ ಅಳತೆ ಗೋಧಿ ಎಂಬ ಧಾರಣೆ ಅಲ್ಲಿ ಕೇಳಿಸುತ್ತದೆ. 1876ರ ಬರದಲ್ಲಿ ಬೆಂದ ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದು. ಆ ಕುದುರೆಯ ಅರ್ಥ ಇಲ್ಲಿಯ ಜನಕ್ಕೆ ಪಾದ್ರಿ ಹೇಳಬೇಕಾಗಿರಲಿಲ್ಲ.

ಅಡತಿ ಅಂಗಡಿಯ ಗೋಡೆ ಈಗಿಲ್ಲ, ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಸೇರಿನ ಕಲ್ಲು, ಮಣದ ಕಲ್ಲು ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಹುಣಿಸೆಹುಳಿ ಹಚ್ಚಿ ತಿಕ್ಕಿ, ತಿರುವಿ ನೋಡಿ. ಮುದ್ರೆಯೋ ಗೀಟೋ ಇದ್ದೀತು.