ಟ್ರ್ಯಾಕ್ಟರಿಗೆ ಹೆಚ್ಚುವರಿ ವಾರಂಟಿ ಬೇಕೆ?

ಕವಿ ಲಕ್ಷ್ಮೀಶನ ಊರೆಂದು ಹೆಸರಾದ ಕಡೂರು ತಾಲ್ಲೂಕಿನ ದೇವನೂರು ನಮ್ಮದು. ಕಾವ್ಯದ ಊರಿನವನು ಯಂತ್ರದ ಮಾತೆತ್ತಿದನೆಂದು ವಾಚಕರು ಹುಬ್ಬೇರಿಸಬಾರದು. ಕಳೆದ ವರ್ಷ ನಮ್ಮ ತಂದೆಯವರು ಬ್ಯಾಂಕಿನ ಸಾಲದಿಂದ ಟ್ರ್ಯಾಕ್ಟರೊಂದನ್ನು ಕೊಂಡರು. ಸಹಿ ಹಾಕುವ ಹೊತ್ತಿಗೆ ಅಂಗಡಿಯವರು ಇನ್ನೊಂದು ಕಾಗದವನ್ನು ಮುಂದಿಟ್ಟು, “ಯಜಮಾನ್ರೆ, ಹದಿನೆಂಟು ಸಾವಿರ ಕಟ್ಟಿಬಿಡಿ, ನಾಲ್ಕು ವರ್ಷ ಚಿಂತೆಯಿಲ್ಲ” ಎಂದರು. ಮನೆಯಲ್ಲಿ ಅಷ್ಟು ಹಣವಿತ್ತು. ಆದರೆ ಅದು ತಂಗಿಯ ಪಿ.ಯು.ಸಿ. ಓದಿಗೆಂದು ಅಮ್ಮ ಕೂಡಿಟ್ಟದ್ದು. ತಂದೆಯವರು ಒಂದು ವಾರದ ಅವಧಿ ಕೇಳಿ, ಕಾಗದವನ್ನು ನನ್ನ ಕೈಗಿತ್ತು, “ಓದಿದೋನು ನೀನು, ನೋಡಿ ಹೇಳಪ್ಪ” ಎಂದರು. ಆ ವಾರ ನಾನು ಕಲಿತುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಅಪಘಾತದ ನಷ್ಟಕ್ಕೆ ಇರುವುದು ವಿಮೆ. ತಯಾರಿಕೆಯಲ್ಲಿಯೇ ಉಳಿದ ದೋಷಕ್ಕೆ ಕಂಪೆನಿಯು ಬೇರೆ ಹಣ ಪಡೆಯದೆ ಕೊಡುವ ಭರವಸೆ ವಾರಂಟಿ. ಅದು ಮುಗಿದ ಮೇಲೂ ಭರವಸೆ ಮುಂದುವರಿಯಲೆಂದು ನಾವು ಹಣ ತೆತ್ತು ಕೊಳ್ಳುವುದೇ ಹೆಚ್ಚುವರಿ ವಾರಂಟಿ.

ಟ್ರ್ಯಾಕ್ಟರಿನ ಆಯುಸ್ಸನ್ನು ವರ್ಷಗಳಿಂದ ಮಾತ್ರವಲ್ಲದೆ ಓಡಿದ ಗಂಟೆಗಳಿಂದಲೂ ಎಣಿಸುತ್ತಾರೆ. ನಮ್ಮ ಗಾಡಿಗೆ ಕಂಪೆನಿ ಕೊಟ್ಟದ್ದು 2 ವರ್ಷ ಅಥವಾ 2,000 ಗಂಟೆ. ಹೆಚ್ಚುವರಿ ಕಾಗದದಲ್ಲಿದ್ದುದು ಒಟ್ಟು 4 ವರ್ಷ ಅಥವಾ 3,000 ಗಂಟೆ. ಎರಡರಲ್ಲಿಯೂ ‘ಯಾವುದು ಮೊದಲೋ ಅದು’ ಎಂಬ ಸಣ್ಣ ಅಕ್ಷರದ ಮಾತಿತ್ತು. ಸ್ವಂತ ಹೊಲದ ಉಳುಮೆಯಲ್ಲದೆ ನೆರೆಯವರ ಹೊಲಕ್ಕೂ ಬಾಡಿಗೆಗೆ ಹೋಗುವ ನಮ್ಮ ಟ್ರ್ಯಾಕ್ಟರು ವರ್ಷಕ್ಕೆ ಸುಮಾರು 1,000 ಗಂಟೆ ದುಡಿಯುತ್ತದೆ. ಎಂದರೆ ಮೂರನೆಯ ವರ್ಷದ ಕೊನೆಗೇ 3,000 ಗಂಟೆ ತುಂಬಿಹೋಗುತ್ತದೆ. ಕಾಗದದ ಮೇಲೆ ಎರಡು ವರ್ಷವಾಗಿದ್ದುದು ನಮ್ಮ ಪಾಲಿಗೆ ಒಂದೇ ವರ್ಷ!

ಇನ್ನು, ಯಾವುದಕ್ಕೆ ಭರವಸೆಯಿಲ್ಲವೆಂಬುದನ್ನು ನೋಡೋಣ. ಕ್ಲಚ್ ಪ್ಲೇಟು, ಬ್ರೇಕ್ ಲೈನಿಂಗು, ಟೈರು, ಬೆಲ್ಟು, ಫಿಲ್ಟರು, ಆಯಿಲು — ಇವೆಲ್ಲವೂ ಪಟ್ಟಿಯ ಹೊರಗೆ. ತಯಾರಿಕೆಯ ದೋಷ ಬಹುಮಟ್ಟಿಗೆ ಆರಂಭದ ದಿನಗಳಲ್ಲಿಯೇ ಹೊರಬೀಳುತ್ತದೆ. ಆಗ ಕಂಪೆನಿಯ ವಾರಂಟಿಯೇ ಇರುತ್ತದೆ. ಆಮೇಲೆ ಬರುವ ಖರ್ಚಿನಲ್ಲಿ ಹೆಚ್ಚಿನ ಪಾಲು ಸವೆತದ್ದು. ಅದನ್ನೇ ಕಾಗದ ಒಲ್ಲೆನ್ನುತ್ತದೆ. ಮೇಲಾಗಿ, ಹೇಳಿದ ಗಂಟೆಗೆ ಹೇಳಿದ ಸ್ಥಳದಲ್ಲಿ ಸರ್ವೀಸು ಮಾಡಿಸಿದ ಬಿಲ್ಲುಗಳು ಇಲ್ಲದಿದ್ದರೆ ಇಡೀ ಭರವಸೆಯೇ ಬಿದ್ದುಹೋಗುವ ಸಂಭವವುಂಟು.

ಲೆಕ್ಕವೂ ಕಠಿನವಲ್ಲ. ನಮ್ಮ ಕಡೆಯ ಮೆಕ್ಯಾನಿಕ್ಕರೊಬ್ಬರ ಅಂದಾಜಿನಂತೆ, ಗೇರ್ ಬಾಕ್ಸು ದೊಡ್ಡದಾಗಿ ಕೆಟ್ಟರೆ ರಿಪೇರಿಗೆ 45,000 ರೂಪಾಯಿ. 18,000 ರೂಪಾಯಿ ಅದರ ಐದರಲ್ಲಿ ಎರಡು ಪಾಲು. ಆದುದರಿಂದ, ಆ ಒಂದು ವರ್ಷದಲ್ಲಿ ಐದು ಟ್ರ್ಯಾಕ್ಟರುಗಳ ಪೈಕಿ ಎರಡಾದರೂ ಹೀಗೆ ಕೆಟ್ಟರೆ ಮಾತ್ರ ಕೊಟ್ಟ ಹಣಕ್ಕೆ ಸರಿಹೋದಂತೆ. ಅಷ್ಟು ಕೆಡುವುದನ್ನು ತಾವು ಕಂಡಿಲ್ಲವೆಂದು ಅವರು ನಕ್ಕರು. ಆದರೆ ಲೆಕ್ಕವೇ ಸರ್ವಸ್ವವಲ್ಲ. ಬಿತ್ತನೆಯ ಕಾಲದಲ್ಲಿ 45,000 ರೂಪಾಯಿ ಹೊಂದಿಸಲಾಗದೆ ಬಡ್ಡಿಯವರ ಬಾಗಿಲಿಗೆ ಹೋಗಬೇಕಾದ ಮನೆಗೆ ಈ ಕಾಗದ ಬೆಲೆಯುಳ್ಳದ್ದೇ ಆಗಬಹುದು.

ಕಾಗದ ಕೊಳ್ಳದವನು ಅನಾಥನೇನೂ ಅಲ್ಲ. 1986ರ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರ ಜುಲೈಯಲ್ಲಿ ಜಾರಿಗೆ ಬಂದಿತು. ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಅದರ ಅರ್ಥದಲ್ಲಿ ಗ್ರಾಹಕನಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲೆಂದೇ ಕೊಂಡವನು ಗ್ರಾಹಕನೇ. ದೂರಿಗೆ ಕಾರಣ ಉಂಟಾದಂದಿನಿಂದ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. 1915 ಎಂಬ ದೂರವಾಣಿ ಸಂಖ್ಯೆಯಲ್ಲಿ ಸಲಹೆಯೂ ದೊರೆಯುತ್ತದೆ.

ವಾರ ಮುಗಿದಾಗ ನಾನು ‘ಬೇಡ’ ಎಂದೆ. ತಂಗಿಯ ಹಣ ತಂಗಿಗೇ ಉಳಿಯಿತು. ಬಾಡಿಗೆ ದುಡಿಮೆಯಿಂದ ತಿಂಗಳಿಗೆ ಒಂದು ಸಾವಿರವನ್ನು ರಿಪೇರಿಗೆಂದೇ ಬ್ಯಾಂಕಿನಲ್ಲಿಡುತ್ತಿದ್ದೇವೆ. ಸರ್ವೀಸಿನ ಬಿಲ್ಲುಗಳನ್ನು ಅಮ್ಮ ಟ್ರಂಕಿನಲ್ಲಿ ಜೋಪಾನ ಮಾಡಿದ್ದಾರೆ. ಮೂರನೆಯ ವರ್ಷ ಗೇರ್ ಬಾಕ್ಸು ಕೆಡದೆಂದು ನಾನು ಶಪಥ ಮಾಡಲಾರೆ. ಕೆಟ್ಟರೆ ತಂದೆಯವರು ನನ್ನ ಮುಖ ನೋಡುವರೆಂಬ ಅಳುಕು ಇದ್ದೇ ಇದೆ. ಆದರೂ ಹೆದರಿಕೆಗೆ ಬೆಲೆ ಕಟ್ಟುವ ಮುನ್ನ ಕಾಗದವನ್ನು ಕೊನೆಯ ಸಾಲಿನವರೆಗೆ ಓದಬೇಕೆಂಬ ಪಾಠ ಮಾತ್ರ ನನಗೆ ಹುಸಿಯಾಗಲಾರದು.